ಬಾಟ್ಲಿಯಕ್ಕನ ಮನೆಯ ನಲ್ಲಿ

ಬಾಟ್ಲಿಯಕ್ಕ ಎಂಬ ಹೆಸರು ಕೇಳಿ ಯಾರೂ ಹುಬ್ಬೇರಿಸಬೇಕಾಗಿಲ್ಲ. ಆಕೆ ಹುಟ್ಟಿದಾಗಿನಿಂದ ನೀರು ಬಿಟ್ಟು ಬೇರೇನನ್ನೂ ಬಾಟ್ಲಿಯಿಂದ ಕುಡಿದವಳಲ್ಲ. ನೀರು ಸರಬರಾಜು ಕಚೇರಿಯಲ್ಲಿ ಆಕೆಗೆ ಕೆಲಸ. ನಲ್ಲಿ ನೀರಿನ ಸ್ಯಾಂಪಲ್ ಹಿಡಿದು ಲ್ಯಾಬಿಗೆ ತಂದು ಕೊಡಬೇಕು. ಹೆಗಲಿಗೊಂದು ನೀಲಿ ಚೀಲ, ಅದರ ತುಂಬ ಬಾಟ್ಲಿಗಳು, ಹೆಜ್ಜೆ ಇಟ್ಟರೆ ಕಟಕಟ ಸದ್ದು. ಅಡ್ಡಹೆಸರು ಇಡುವುದಕ್ಕೆ ಜನಕ್ಕೆ ಇನ್ನೇನು ಬೇಕು ಹೇಳಿ? ಮೊದಮೊದಲು ಸಿಡುಕುತ್ತಿದ್ದವಳು ಕೊನೆಗೆ ಫೋನಿನಲ್ಲೂ "ಹಲೋ, ನಾನು ಬಾಟ್ಲಿಯಕ್ಕ" ಎನ್ನತೊಡಗಿದಳು.

ಗಂಡ ತೀರಿಹೋದಾಗ ಈ ಕೆಲಸ ಕೊಡಿಸಿದವರು ಕಚೇರಿಯ ಮೇಲ್ವಿಚಾರಕರು. ಉಳಿದವರೆಲ್ಲ ಅವರನ್ನು ಸರ್ ಎಂದರೆ ಈಕೆ ಅಣ್ಣ ಎನ್ನುತ್ತಿದ್ದಳು. ಅವರೂ ತಂಗಿಯನ್ನು ಕಂಡಷ್ಟೇ ಅಕ್ಕರೆಯಿಂದ "ಊಟ ಆಯ್ತೇನಮ್ಮಾ?" ಎಂದು ಕೇಳುತ್ತಿದ್ದರು. ಕಷ್ಟಕಾಲದಲ್ಲಿ ಹಾಗೆ ಕೇಳಿದವರನ್ನು ಯಾರಾದರೂ ಮರೆಯುತ್ತಾರೆಯೇ? ಅಣ್ಣ ಗೆರೆ ಎಳೆದರೆ ಬಾಟ್ಲಿಯಕ್ಕ ಅದನ್ನು ದಾಟಿದವಳಲ್ಲ.

ಸ್ಯಾಂಪಲ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರೇ ಬೇಕು. ಮನೆಯವರು ಎದ್ದು ಮುಖ ತೊಳೆಯುವ ಮುಂಚೆ, ನಲ್ಲಿಯಿಂದ ಬೀಳುವ ಮೊದಲ ನೀರಿಗೇ ಬಾಟ್ಲಿ ಒಡ್ಡಬೇಕು. ಪೈಪಿನಿಂದ ನೀರಿಗೆ ಏನಾದರೂ ಸೇರಿದ್ದರೆ ಅದು ಸಿಗುವುದು ಆಗಲೇ. ಆದರೆ ಬೆಳಕು ಹರಿಯುವ ಮುಂಚೆ ಯಾರ ಮನೆ ಬಾಗಿಲು ಬಡಿಯುವುದು? ಬೈಗುಳ ತಿಂದು ತಿಂದು ಸಾಕಾಗಿದ್ದಾಗ ಅಣ್ಣನೇ ದಾರಿ ತೋರಿಸಿದ್ದರು.

"ಊರವರ ನಿದ್ದೆ ಯಾಕೆ ಕೆಡಿಸ್ತೀಯಮ್ಮಾ? ನಮ್ಮ ಸ್ಟಾಫ್ ಮನೆಗಳಲ್ಲೇ ಹಿಡಿ. ನಿನ್ನ ಮನೆ, ಡ್ರೈವರ್ ಮನೆ, ವಾಚ್‌ಮನ್ ಮನೆ. ಎಲ್ಲರಿಗೂ ಒಂದೇ ಟ್ಯಾಂಕಿನ ನೀರಲ್ವಾ?"

ಹೌದಲ್ಲ ಎನಿಸಿತು ಬಾಟ್ಲಿಯಕ್ಕನಿಗೆ. ಅಂದಿನಿಂದ ಆಕೆಯ ಅಡುಗೆಮನೆಯ ನಲ್ಲಿ ಊರಿನ ನಲ್ಲಿಗಳ ಪ್ರತಿನಿಧಿಯಾಯಿತು. ಅದೇ ವರ್ಷ ಪೈಪ್ ಫಿಟ್ಟರ್ ಬಂದು ಆಕೆಯ ಮನೆ ಮುಂದೆ ನೆಲ ಅಗೆದು, ಹೊಸ ಪೈಪು ಹಾಕಿಹೋದ. ಅಣ್ಣ ಮಾಡಿಸಿಕೊಟ್ಟರು, ಇಂಥವರು ಎಲ್ಲಿ ಸಿಗುತ್ತಾರೆ ಎಂದು ಬೀದಿಯಲ್ಲೆಲ್ಲ ಡಂಗುರ ಹೊಡೆದಳು. ಲ್ಯಾಬಿನ ವರದಿ ಪ್ರತಿಸಲವೂ ಚೊಕ್ಕ. "ನಮ್ಮನೆ ನಲ್ಲಿ ಪಾಸಾದ್ರೆ ಇಡೀ ಊರೇ ಪಾಸು" ಎನ್ನುವಾಗ ಆಕೆಯ ಮುಖ ನೋಡಬೇಕಿತ್ತು.

ಆಕೆಯ ತಂಗಿ ಬಸ್ ಸ್ಟ್ಯಾಂಡಿನ ಹಿಂದಿನ ಹಳೆಯ ಬೀದಿಯಲ್ಲಿ ಬಟ್ಟೆ ಹೊಲಿದು ಬದುಕುವವಳು. ಮಗಳು ಹುಟ್ಟಿದಾಗ ತಂಗಿ ಕ್ಯಾನ್ ನೀರು ತರಿಸಲು ಶುರುಮಾಡಿದ್ದಳು. ಬಾಟ್ಲಿಯಕ್ಕನಿಗೆ ಅದು ಮುಖಕ್ಕೆ ಹೊಡೆದಂತಾಯಿತು.

"ಅಕ್ಕ ನೀರಿನ ಆಫೀಸಲ್ಲಿ, ತಂಗಿ ಮನೇಲಿ ಕ್ಯಾನು! ಜನ ಏನಂತಾರೆ? ನಾನಿದೀನಲ್ಲೇ! ನಲ್ಲಿ ನೀರು ಧಾರಾಳವಾಗಿ ಕುಡಿಸು."

"ತಣ್ಣೀರನ್ನೂ ಆರಿಸಿ ಕುಡಿ ಅಂತಾರಲ್ಲಕ್ಕಾ, ನಾನು ಕುದಿಸಿ ಆರಿಸಿ ಕೊಡ್ತೀನಿ ಬಿಡು" ಎಂದು ತಂಗಿ ನಕ್ಕು ಕ್ಯಾನು ನಿಲ್ಲಿಸಿದಳು. ಪಕ್ಕದ ಮನೆಯವರೂ ನಿಲ್ಲಿಸಿದರು. ಬಾಟ್ಲಿಯಕ್ಕನೇ ಹೇಳಿದ ಮೇಲೆ ಇನ್ನೇನು?

ಮಗು ಅರಳು ಹುರಿದಂತೆ ಮಾತಾಡುತ್ತಿತ್ತು. ಹೊಲಿಗೆ ಮಷಿನ್ನಿನ ಕೆಳಗೆ ಕೂತು ಗುಂಡಿ ಆರಿಸುತ್ತ, ಬಂದ ಗಿರಾಕಿಗಳಿಗೆಲ್ಲ ತಾನೇ ಅಳತೆ ಹೇಳುತ್ತಿತ್ತು. ಐದು ತುಂಬುವ ಹೊತ್ತಿಗೆ ಅದೇನಾಯಿತೋ, ಊಟ ಬೇಡ, ಹೊಟ್ಟೆ ನೋವು, ಸುಮ್ಮಸುಮ್ಮನೆ ಕಿರಿಕಿರಿ. ಗೊತ್ತಿದ್ದ ಮಾತುಗಳೇ ಬಾಯಿಗೆ ಬಾರದಾದವು. ಕತ್ತರಿ ಬೇಕಾದರೆ ಎರಡು ಬೆರಳು ಆಡಿಸಿ ತೋರಿಸಿ, ಅಮ್ಮನಿಗೆ ತಿಳಿಯದಿದ್ದರೆ ನೆಲಕ್ಕೆ ಬಿದ್ದು ಅಳುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸೀಸ ಸೇರಿದೆ, ಮನೆಯ ನೀರು ನೋಡಿಸಿ ಎಂದರು.

"ಆ ಡಾಕ್ಟರಿಗೇನು ಗೊತ್ತು ಮಣ್ಣು!" ಎಂದು ಬಾಟ್ಲಿಯಕ್ಕ ಹಾರಾಡಿದಳು. "ಗೋಡೆ ಬಣ್ಣ ಇರ್ಬೇಕು, ಆಟದ ಸಾಮಾನಿರ್ಬೇಕು. ನೀರಂತೂ ಅಲ್ಲ. ಬರೆದು ಕೊಡ್ತೀನಿ."

"ಹಂಗಾದ್ರೆ ನಮ್ಮನೆ ನೀರೂ ಒಂದ್ಸಲ ನೋಡ್ಸಕ್ಕಾ" ಎಂದಳು ತಂಗಿ.

ಆ ಮಾತು ಕೇಳುವವರೆಗೂ ತಂಗಿಯ ಮನೆಯ ನೀರಿಗೆ ಒಮ್ಮೆಯೂ ಬಾಟ್ಲಿ ಒಡ್ಡಿಲ್ಲ ಎಂಬುದು ಆಕೆಗೆ ಹೊಳೆದಿರಲೇ ಇಲ್ಲ. ಮರುದಿನ ನಸುಕಿನಲ್ಲೇ ಹೋಗಿ ಕ್ರಮ ಪ್ರಕಾರ ಮೊದಲ ನೀರು ಹಿಡಿದು ತಂದಳು. ಡಾಕ್ಟರನ ಬಾಯಿ ಮುಚ್ಚಿಸುವುದೇ ಆಕೆಯ ಉದ್ದೇಶ. ವರದಿ ಬಂದಾಗ ಮುಚ್ಚಿದ್ದು ಆಕೆಯ ಬಾಯಿ. ಇರಬಾರದಷ್ಟು ಸೀಸ ಆ ನೀರಿನಲ್ಲಿತ್ತು. ಕಾಗದ ಹಿಡಿದು ನೇರ ಪೈಪ್ ಫಿಟ್ಟರನ ಹತ್ತಿರ ಓಡಿದಳು.

ಅವನು ಕಟ್ಟೆಯ ಮೇಲೆ ಕೂತು ಟೀ ಹೀರುತ್ತಿದ್ದ. "ಆ ಬೀದೀಲಿ ಇರೋದು ಹಳೇ ಸೀಸದ ಪೈಪಲ್ವಾ ಅಕ್ಕಾ. ಮುಕ್ಕಾಲು ಊರಿಗೆ ಅದೇ ಇರೋದು. ಕುದಿಸಿದ್ರೂ ಹೋಗಲ್ಲ ಅದು."

"ಮತ್ತೆ ನಮ್ಮನೇಲಿ ಯಾವತ್ತೂ ಬಂದಿಲ್ವಲ್ಲೋ!"

"ನಿಮ್ಮನೇಲಿ ಹೆಂಗೆ ಬರುತ್ತೆ? ನಾನೇ ಬದಲಾಯಿಸಿದ್ನಲ್ಲ. ಸ್ಯಾಂಪಲ್ ಹಿಡಿಯೋ ಮನೆಗಳಿಗೆ ಮಾತ್ರ ಹೊಸ ಪೈಪು ಹಾಕು ಅಂತ ಸರ್ ಹೇಳಿದ್ರು." ಆಕೆಯ ಮುಖ ನೋಡಿ ಅವನು ಲೋಟ ಕೆಳಗಿಟ್ಟ. "ಅಯ್ಯೋ, ನಿಮಗೆ ಗೊತ್ತಿಲ್ವಾ? ನಿಮಗೆ ಗೊತ್ತಿದೆ ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ."

ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ಕೊಯ್ದದ್ದೂ ಸಾಲದೆಂದು, ಕತ್ತಿಯನ್ನು ಆಕೆಯ ಕೈಯಲ್ಲೇ ಹಿಡಿಸಿದ್ದರು. ಮೇಲ್ವಿಚಾರಕರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಳು. ಕೂಗಾಡಬೇಕು ಎಂದುಕೊಂಡು ಹೋದವಳಿಗೆ ಅಳುವೇ ಬಂತು.

"ಅಣ್ಣಾ, ಯಾಕಣ್ಣಾ ಹಿಂಗೆ ಮಾಡಿದ್ರಿ?"

ಅವರು ಗಾಬರಿಯಾಗಲಿಲ್ಲ, ನಾಚಲೂ ಇಲ್ಲ. ಕುರ್ಚಿ ಎಳೆದು ಕೂರಿಸಿದರು. "ಊರಿಗೆಲ್ಲ ಪೈಪು ಬದಲಾಯಿಸೋಕೆ ನಮ್ಮ ಕೈಲಾಗುತ್ತೇನಮ್ಮಾ? ವರದಿ ಕೆಟ್ಟರೆ ನಮ್ಮ ಕೆಲಸಾನೇ ಹೋಗುತ್ತೆ. ನಿನಗೆ ಒಳ್ಳೇ ನೀರು ಕೊಟ್ಟಿದ್ದು ನನ್ನ ತಪ್ಪಾ?" ಆಮೇಲೆ ದನಿ ತಗ್ಗಿಸಿ, "ನಿನ್ನ ತಂಗಿ ವಿಷಯ ನಂಗೆ ಬಿಡು. ಈ ವಾರವೇ ಅವಳ ಮನೆಗೂ ಹೊಸ ಪೈಪು ಹಾಕಿಸ್ತೀನಿ. ಅದೂ ಸ್ಯಾಂಪಲ್ ಮನೆ ಅಂತ ಮಾಡ್ಕೊಳ್ಳೋಣ. ನೀನು ಮಾತ್ರ ಈ ಕಾಗದ ಯಾರಿಗೂ ತೋರಿಸ್ಬೇಡ."

ಅಣ್ಣ ಎಂದು ಕರೆದ ಬಾಯಿಯನ್ನೇ ತೊಳೆದುಕೊಳ್ಳಬೇಕು ಎನಿಸಿತು. ಕಾಗದವನ್ನು ನೀಲಿ ಚೀಲಕ್ಕೆ ಹಾಕಿಕೊಂಡು ಎದ್ದು ಬಂದಳು.

ತಂಗಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಜ ಹೊಲಿಯುತ್ತಿದ್ದಳು. ಬಾಟ್ಲಿಯಕ್ಕ ಏನನ್ನೂ ಮುಚ್ಚಿಡಲಿಲ್ಲ. ವರದಿ, ತನ್ನ ಮನೆಯ ಪೈಪು, ಮೇಲ್ವಿಚಾರಕರು ಒಡ್ಡಿದ ಆಮಿಷ, ಎಲ್ಲವನ್ನೂ ಹೇಳಿದಳು. ತಂಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಪೈಪು ಹಾಕ್ಸಿಬಿಡು."

"ಪಕ್ಕದ ಮನೆಯವಳು ಬಸುರಿ ಕಣೇ. ಅವಳೂ ನನ್ನ ಮಾತು ಕೇಳಿಯೇ ಕುಡೀತಿರೋದು. ಬೀದೀಗೆಲ್ಲ ಹೇಳ್ಬೇಕು."

"ನೀನು ಬೀದೀಗೆ ಹೇಳಿದ್ರೆ ಅವರು ನಂಗೆ ಹಾಕ್ತಾರಾ?" ತಂಗಿಯ ದನಿ ಏರಿತು. "ನಿನ್ನ ಮನೆಗೆ ಹೊಸ ಪೈಪು ಬಂದಾಗ ನನ್ನ ಮನೆ ನೆನಪಾಗಿತ್ತಾ ನಿಂಗೆ? ಈಗ ಊರೆಲ್ಲ ನೆನಪಾಗ್ತಿದೆಯಾ?"

ಹೊಸ ಪೈಪು ಬಂದ ದಿನ ಬಾಟ್ಲಿಯಕ್ಕ ತಂಗಿಯ ಮುಂದೆಯೂ ಜಂಬ ಕೊಚ್ಚಿಕೊಂಡಿದ್ದಳು, ನಿನಗೂ ಒಂದು ಕೇಳಲೇ ಎಂದಿರಲಿಲ್ಲ. ಸೊಂಟದಿಂದ ಮನೆಯ ಬೀಗದಕೈ ತೆಗೆದು ಹೊಲಿಗೆ ಮಷಿನ್ನಿನ ಮೇಲಿಟ್ಟಳು.

"ನೀನು ಮಗು ಕರ್ಕೊಂಡು ನನ್ನ ಮನೆಗೆ ಹೋಗು. ಇವತ್ತೇ ಹೋಗು. ನಾನು ಇಲ್ಲಿರ್ತೀನಿ. ಹೇಳೋದನ್ನ ಇಲ್ಲೇ ಇದ್ದು ಹೇಳ್ತೀನಿ, ಕೆಲಸ ಹೋದ್ರೆ ಹೋಗ್ಲಿ."

ತಂಗಿ ಬೀಗದಕೈ ಎತ್ತಿಕೊಂಡಳು. ಆಮೇಲೆ ಎದ್ದು ಮಗುವಿನ ಬಟ್ಟೆ, ಔಷಧಿ ಚೀಲಕ್ಕೆ ತುಂಬಿದಳು. ನಿದ್ದೆಗಣ್ಣಿನ ಮಗು ದೊಡ್ಡಮ್ಮನ ಕಡೆ ಕೈ ಚಾಚಿ ಏನೋ ಹೇಳಲು ಬಾಯಿ ತೆರೆಯಿತು, ಮಾತು ಸಿಗದೆ ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡಿತು. ಬಾಟ್ಲಿಯಕ್ಕ ಬಾಗಿಲವರೆಗೂ ಹಿಂದೆಯೇ ಹೋದಳು.

"ಅಲ್ಲಿ ನಲ್ಲಿ ನೀರು ಕುಡಿಸ್ಬಹುದು ಕಣೇ. ಅಲ್ಲಿ ಏನೂ ಇಲ್ಲ."

ತಂಗಿ ತಿರುಗಿದಳು. ಕಣ್ಣಲ್ಲಿ ಕೋಪವೂ ಉಳಿದಿರಲಿಲ್ಲ.

"ಅದನ್ನ ನೀನು ಹೇಳ್ಬೇಡಕ್ಕಾ. ಬೇರೆ ಯಾರನ್ನಾದ್ರೂ ಕೇಳ್ತೀನಿ."