ಎರೆಭೂತ ದೇಸಾಯಿಗೆ ಸಿಕ್ಕಿದ್ದು

ಎಳ್ಳಮಾವಾಸ್ಯೆಯ ಹಿಂದಿನ ದಿನ ಶಾಲೆ ಬಿಟ್ಟೊಡನೆ ಧಾರವಾಡದಿಂದ ಹೊರಟು, ಹುಬ್ಬಳ್ಳಿಯಲ್ಲಿ ಗದಗಿನ ಪ್ಯಾಸೆಂಜರ್ ಹಿಡಿದೆವು. ಅಣ್ಣಿಗೇರಿಗೆ ಒಂದು ರೂಪಾಯಿ ಚಿಲ್ಲರೆ ಟಿಕೀಟು. ಹೊರಟವರು ನಾನು ಮತ್ತು ದೇಸಾಯಿ. ನಾನು ವಿಜ್ಞಾನದ ಮಾಸ್ತರ. ದೇಸಾಯಿ ನಮ್ಮದೇ ಶಾಲೆಯ ಚಿತ್ರಕಲೆಯ ಮಾಸ್ತರ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನನ್ನು ನಾನು ಕರೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, "ನಾನೂ ಬರ್ತೇನ್ರಿ ಸರ" ಎಂದು ಗಂಟುಬಿದ್ದ.

ನಾನು ಹೊರಟಿದ್ದು ಎರೆಭೂತದ ಚಿತ್ರ ತೆಗೆಯಲು. ಕಪ್ಪು ಮಣ್ಣಿನ ಎರೆ ಹೊಲಗಳಲ್ಲಿ ಓಡಾಡುವ, ಮನುಷ್ಯನ ಸೊಂಟದೆತ್ತರದ ಹಕ್ಕಿ ಅದು. ಬಿಳಿ ಕುತ್ತಿಗೆ, ಕಂದು ಬೆನ್ನು, ತಲೆಯ ಮೇಲೆ ಕರಿ ಟೊಪ್ಪಿಗೆ. ಮನುಷ್ಯನ ನೆರಳು ಕಂಡರೆ ಸಾಕು, ಹಾರಿಬಿಡುತ್ತದೆ. ಅದಕ್ಕಾಗಿ ಮೂರು ಭಾನುವಾರ ಹೋಗಿ ಬಂದಿದ್ದೆ. ಯಾವ ಹೊಲಕ್ಕೆ ಬರುತ್ತದೆ, ಎಷ್ಟು ಗಂಟೆಗೆ, ಗಾಳಿ ಯಾವ ಕಡೆಯದು, ಎಲ್ಲ ವಹಿಯಲ್ಲಿ ಬರೆದಿಟ್ಟಿದ್ದೆ. ಗೋಣಿತಟ್ಟು ಹೊಲಿದು ಒಬ್ಬನೇ ಕೂರುವಷ್ಟು ಮರೆಗುಡಾರ ಮಾಡಿಕೊಂಡಿದ್ದೆ.

ದೇಸಾಯಿ ಏನು ಮಾಡಿಕೊಂಡಿದ್ದ? ಏನೂ ಇಲ್ಲ. ಹಡಗಿನ ಕೆಲಸದಲ್ಲಿದ್ದ ಅವನ ಭಾವ ಉದ್ದ ಲೆನ್ಸಿನ ಕ್ಯಾಮೆರಾ ತಂದುಕೊಟ್ಟು ಆಗಿನ್ನೂ ವರ್ಷ ತುಂಬಿತ್ತಷ್ಟೆ. ಅದು ಬಂದ ಹೊಸದರಲ್ಲೇ ಅಳ್ನಾವರ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಎದುರಿನ ಆಲದ ಮರಕ್ಕೆ ಮಂಗಟ್ಟೆ ಹಕ್ಕಿ ಬಂದು ಕೂತಿತು. ಚಹಾದ ಕಪ್ಪು ಕೆಳಗಿಟ್ಟು ಚಿತ್ರ ತೆಗೆದ. ಹುಬ್ಬಳ್ಳಿಯ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಹನ್ನೊಂದು ವರ್ಷದಿಂದ ಕೆರೆಯ ಕೆಸರಲ್ಲಿ ಮಲಗಿ ಎದ್ದ ನನಗೆ ಎರಡನೆಯದು. ಅಂದಿನಿಂದ ಅವನು ನಕ್ಕರೂ ನನ್ನ ಹೊಟ್ಟೆ ಉರಿಯುತ್ತಿತ್ತು. ಈ ಸಲ ಎರೆಭೂತ ತಂದು ಅವನ ಮಂಗಟ್ಟೆಯನ್ನು ಮಸುಕಾಗಿಸಬೇಕು ಎಂಬುದೊಂದೇ ನನ್ನ ಹಟ.

ಅಣ್ಣಿಗೇರಿಯಲ್ಲಿ ಇಳಿದಾಗ ಇಬ್ಬರ ಅಂಗಿಯ ಮೇಲೂ ಕಲ್ಲಿದ್ದಲ ಮಸಿ. ಫಕೀರಪ್ಪ ಎತ್ತಿನ ಚಕ್ಕಡಿ ತಂದಿದ್ದ. ಅವನ ಮಗ ನಮ್ಮ ಶಾಲೆಯಲ್ಲಿ ಓದುತ್ತಿದ್ದ. ಹಕ್ಕಿ ಬರುತ್ತಿದ್ದುದು ಇವನ ಕಡಲೆ ಹೊಲಕ್ಕೇ. ನವಲಗುಂದದ ದಿಕ್ಕಿಗೆ ಮೂರು ಮೈಲು ಹೋಗಿ ಅವನ ಮನೆ ಸೇರಿದರೆ, ಒಳಗೆಲ್ಲ ಎಳ್ಳು ಹುರಿದ ವಾಸನೆ.

"ನಾಳಿ ಅಮಾಸಿ ಅಲ್ರಿ, ಊರಾಗಿನ ಮಂದಿಯೆಲ್ಲಾ ಭೂಮ್ತಾಯಿಗೆ ಎಡಿ ಮಾಡಿ ಚರಗಾ ಚೆಲ್ಲಾಕ ಹೊಲಕ್ಕ ಹೋಗ್ತೀವ್ರಿ" ಎಂದ ಫಕೀರಪ್ಪ.

ಊರ ಮಂದಿಯೆಲ್ಲ ಹೊಲದಲ್ಲಿದ್ದರೆ ಹಕ್ಕಿ ಬಂದಂತೆಯೇ! ಶಾಲೆಗೆ ರಜೆ ಇದೆ ಎಂದು ನೋಡಿ ದಿನ ಗೊತ್ತುಮಾಡಿದ್ದೆನೇ ಹೊರತು, ರಜೆ ಯಾಕಿದೆ ಎಂದು ಯೋಚಿಸಿರಲಿಲ್ಲ. ಗಾಳಿಯ ದಿಕ್ಕು ಬರೆದವನು ಪಂಚಾಂಗ ನೋಡಿರಲಿಲ್ಲ.

"ಎಷ್ಟೊತ್ತಿಗೆ ಹೋಗ್ತೀರಿ?"

"ಬಿಸಲೇರಿದ ಮ್ಯಾಲರಿ. ನೀವೂ ಚಕ್ಕಡ್ಯಾಗ ಬರ್ರಿ, ಅಲ್ಲೇ ಊಟ ಮಾಡೂಣು. ಆ ಹಕ್ಕಿ ಚಕ್ಕಡಿಗೆ ಅಷ್ಟ ಅಂಜಂಗಿಲ್ಲ."

"ನಾ ಊಟಕ್ಕ ಬಂದಿಲ್ಲ ಫಕೀರಪ್ಪ" ಎಂದೆ. ವಹಿಯ ಪ್ರಕಾರ ಏಳೂವರೆಗೆ ಹಕ್ಕಿ ಬರಬೇಕು. ಇವರು ಬರುವುದರೊಳಗೆ ಕೆಲಸ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿದೆ.

"ನಾ ಮಾತ್ರ ಊಟಕ್ಕಽ ಬಂದೀನ್ರಿ" ಎಂದು ದೇಸಾಯಿ ನಕ್ಕ. ಮನೆಯವರೆಲ್ಲ ಅವನೊಂದಿಗೆ ನಕ್ಕರು.

ಬೆಳಗಿನ ಚಳಿಯಲ್ಲಿ ಒಬ್ಬನೇ ನಡೆದು ಹೋಗಿ ಗುಡಾರದೊಳಗೆ ಕೂತೆ. ಬಿಸಿಲು ಬೆನ್ನಿಗಿರಲೆಂದು ಪಡುವಣಕ್ಕೆ ಒಂದೇ ಕಿಂಡಿ ಬಿಟ್ಟು, ಉಳಿದ ಮೂರು ಕಡೆ ಭದ್ರವಾಗಿ ಹೊಲಿದಿದ್ದೆ. ಏಳೂವರೆ ಆಯಿತು, ಎಂಟೂವರೆ ಆಯಿತು. ಒಂದು ಟಿಟ್ಟಿಭ ಹಕ್ಕಿ ಬಂದು ಬೈದು ಹೋಯಿತು. ಕಾಲು ಜೋಮು ಹಿಡಿಯಿತು. ಒಂಬತ್ತು ದಾಟಿದ ಮೇಲೆ ಬೆನ್ನ ಹಿಂದೆ ಎತ್ತಿನ ಗೆಜ್ಜೆ ಸದ್ದು ಕೇಳಿತು. ಗೋಣಿಯ ಅಂಚನ್ನು ಬೆರಳಿನಿಂದ ಎತ್ತಿ ಇಣುಕಿದೆ.

ಎರೆಭೂತ ನನ್ನ ಹಿಂದೆಯೇ ಇತ್ತು! ಬಾಜೂ ಹೊಲದ ಕಡಲೆ ಸಾಲಿನಲ್ಲಿ ನಿಂತು ಹುಳ ಹೆಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ಇತ್ತೋ ಆ ಶಿವನೇ ಬಲ್ಲ. ಫಕೀರಪ್ಪನ ಚಕ್ಕಡಿ ದಾರಿಯಲ್ಲಿ ನಿಧಾನವಾಗಿ ಬಂದು ಅದರಿಂದ ಹದಿನೈದು ಹೆಜ್ಜೆಯ ಹತ್ತಿರಕ್ಕೆ ಮುಟ್ಟಿತು. ಹಕ್ಕಿ ಕತ್ತೆತ್ತಿ ಎತ್ತುಗಳನ್ನು ನೋಡಿತು, ಅಷ್ಟೆ. ಬುಟ್ಟಿಗಳ ನಡುವೆ ಕೂತಿದ್ದ ದೇಸಾಯಿ ಕೈಯಲ್ಲಿದ್ದ ಹೋಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಕ್ಯಾಮೆರಾ ಎತ್ತಿದ. ನಾನು ಲೆನ್ಸು ಹೊರಳಿಸಲು ಹೋಗಿ ಗುಡಾರದ ಕೋಲಿಗೆ ಬಡಿದೆ. ಹೊಲಿಗೆ ಹರಿಯಲಿಲ್ಲ, ಅಷ್ಟು ಚೆನ್ನಾಗಿ ಹೊಲಿದಿದ್ದೆ. ಇನ್ನೊಂದು ಚಕ್ಕಡಿಯಿಂದ ಯಾರೋ "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕಿದರು, ಹಿಂದಿನವರು "ಚಲ್ಲಂಬ್ರಿಗೋ" ಎಂದರು. ಹಕ್ಕಿ ಹಾರಿತು.

ಫಕೀರಪ್ಪನ ತಾಯಿ ಹೊಲದ ತುಂಬ ಚರಗ ಚೆಲ್ಲುತ್ತ ಬಂದು ನನ್ನ ಗುಡಾರದ ಮೇಲೂ ಒಂದು ಹಿಡಿ ಎರಚಿದಳು. ನಾನು ಹೊರಬಂದಾಗ, "ಯವ್ವಾ, ಒಳಗ ಮಾಸ್ತರ ಅದಾರ!" ಎಂದು ಬಾಯಿಗೆ ಸೆರಗು ಹಚ್ಚಿದಳು. ಬನ್ನಿ ಗಿಡದ ನೆರಳಿನಲ್ಲಿ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಿದರು. ರುಚಿಯಾಗಿತ್ತಂತೆ. ನಾನು ಗುಡಾರ ಮಡಚುತ್ತ ಕೂತಿದ್ದೆ.

ವಾಪಸು ಬರುವಾಗ ರೈಲಿನಲ್ಲಿ ದೇಸಾಯಿ ರೋಲನ್ನು ನನ್ನ ಕೈಗೇ ಕೊಟ್ಟ. "ತೊಳದು ಕೊಡ್ರಿ ಸರ. ನನಗ ಅದೆಲ್ಲಾ ಬರಂಗಿಲ್ಲ." ಫಿಲ್ಮು ತೊಳೆಯುವುದನ್ನೂ ಕಲಿಯದವನು!

ಮರುದಿನ ಮಧ್ಯಾಹ್ನ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಂಡೆ. ಕೈಯಲ್ಲಿ ಅವನ ಫಿಲ್ಮು. ಬಾಗಿಲನ್ನು ಎರಡು ಬೆರಳಷ್ಟು ಸರಿಸಿದರೆ ಸಾಕಿತ್ತು, ಚಿತ್ರವೆಲ್ಲ ಹಾಳಾಗುತ್ತಿತ್ತು. ಬೆಳಕು ಬಿತ್ತು ಎಂದರೆ ಅವನು ನಂಬುತ್ತಿದ್ದ; ಪಾಪ, ನನ್ನನ್ನೇ ಸಮಾಧಾನ ಮಾಡುತ್ತಿದ್ದ. ನನ್ನ ಕೈ ಅಗುಳಿಯ ಮೇಲೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಫಿಲ್ಮಿನೊಳಗೆ ಹಕ್ಕಿಯಿತ್ತು. ದೇಸಾಯಿಯದಾದರೂ ಎರೆಭೂತ ಎರೆಭೂತವೇ. ನನ್ನ ಯಾವ ಫಿಲ್ಮನ್ನೂ ಅಷ್ಟು ಜೋಪಾನವಾಗಿ ತೊಳೆದಿಲ್ಲ.

ಸಂಜೆ ದೇಸಾಯಿ ಬಂದ. ಒಣಗುತ್ತಿದ್ದ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದೆ. ಹಕ್ಕಿ ಕೊಕ್ಕಿನ ತುದಿಯವರೆಗೂ ಸ್ಪಷ್ಟವಾಗಿ ಬಂದಿತ್ತು. ಅವನು ನೋಡಿದ, ನನ್ನ ಮುಖವನ್ನೂ ನೋಡಿದ.

"ಸರ, ಇಷ್ಟ ದಿನ ಓಡಾಡಿದವರು ನೀವು. ನನಗೇನು, ಊಟಕ್ಕ ಹೋಗಿದ್ದೆ. ಇದನ್ನ ಪ್ರದರ್ಶನಕ್ಕ ನಿಮ್ಮ ಹೆಸರಲೇ ಕಳಸ್ರಿ."

ಬೇಡ ಎಂದೆ. ಆದರೆ ಆ ಎರಡಕ್ಷರ ಬಾಯಿಂದ ಹೊರಡಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ನನ್ನ ಮುಖ ನೋಡದೆ ಫಿಲ್ಮಿನತ್ತಲೇ ನೋಡುತ್ತಿದ್ದ. ಆ ಪ್ರವಾಸದಲ್ಲಿ ನನಗೆ ದಕ್ಕಿದ ಅದೃಷ್ಟ ಅದೊಂದೇ.