ಹೊರಗಿದ್ದ ದಿನಗಳು

ಕೆನಡಾದ ಪೌರತ್ವಕ್ಕೆ ಅರ್ಜಿ ಹಾಕುವವರು ಹಿಂದಿನ ಐದು ವರ್ಷಗಳಲ್ಲಿ ಆ ದೇಶದಿಂದ ಹೊರಗಿದ್ದ ಒಂದೊಂದು ದಿನವನ್ನೂ ಬರೆದುಕೊಡಬೇಕು. ಹೊರಟ ತಾರೀಖು, ಮರಳಿದ ತಾರೀಖು, ಕಾರಣ. ಕಾಯಂ ನಿವಾಸಿಯ ಕಾರ್ಡು ಸಿಕ್ಕ ಮೇಲೆ ನಾನು ಹೊರಗೆ ಹೋದದ್ದೆಂದರೆ ಊರಿಗೆ ಮಾತ್ರ. ಈ ಸಲದ ರಜೆಯಲ್ಲಿ ಸೊರಬದ ಅಕ್ಕನ ಮನೆಗೆ ಬಂದವಳು, ಪಾಸ್‌ಪೋರ್ಟನ್ನೂ ಹಳೆಯ ದಿನಚರಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ.

"ಅಂದ್ರೆ ನೀ ಇಲ್ಲಿಗೆ ಬಂದಿದ್ದೆಲ್ಲ ಅವ್ರ ಪ್ರಕಾರ ಗೈರುಹಾಜರಿನಾ?" ಅಕ್ಕಿ ಆರಿಸುತ್ತಿದ್ದ ಅಕ್ಕ ಕೇಳಿದಳು.

"ಹೌದು."

"ಶಾಲಿಗೆ ಚಕ್ಕರ್ ಹೊಡೆದಂಗಾತು ಬಿಡು."

ಒಳಗಿನಿಂದ ಭಾವ ಕೂಗಿದರು. "ಚಕ್ಕರ್ ಹೊಡೆದೋಳಿಗೆ ಚಾ ಕೊಟ್ಯಾ? ಮುಂದಿನ ಸಲ ವೀಸಾ ನೋಡ್ದೆ ಬಾಗ್ಲು ತೆಗಿಯಲ್ಲ ನಾನು."

"ನೀವು ಸುಮ್ನಿರ್ರೀ," ಎಂದಳು ಅಕ್ಕ. ನಾನು ನಕ್ಕೆ. ಆದರೆ ಅದು ಪೂರ್ತಿ ತಮಾಷೆಯಾಗಿರಲಿಲ್ಲ. ಅಲ್ಲಿಯ ಪ್ರಮಾಣವಚನ ತೆಗೆದುಕೊಂಡರೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಆಮೇಲೆ ಶಿರಾಳಕೊಪ್ಪದ ಆಚೆ ಇರುವ ನಮ್ಮ ಹೊಲಕ್ಕೆ, ಅವ್ವನನ್ನು ಮಣ್ಣು ಮಾಡಿದ ಜಾಗಕ್ಕೆ, ನಾನು ಪರದೇಶದವಳಾಗಿಯೇ ಬರಬೇಕು. ಬೀಜ ಪರೀಕ್ಷಿಸುವ ನನ್ನ ಕೆಲಸ ಅಲ್ಲಿದೆ, ಬದುಕೂ ಅಲ್ಲೇ ನಿಂತಿದೆ. ಆದರೂ ಅರ್ಜಿ ಹಾಕಲು ವರ್ಷಗಟ್ಟಲೆ ಹಿಂಜರಿದಿದ್ದೆ. ಕೊನೆಗೆ ಧೈರ್ಯ ಕೊಟ್ಟದ್ದು ಒಂದು ನೆನಪು: ಅವ್ವನ ಮೇಲೆ ನನ್ನ ಕೈಯಿಂದ ಒಂದು ಹಿಡಿ ಮಣ್ಣು ಹಾಕಿದ್ದೇನೆ. ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಅದನ್ನು ಯಾರೂ ವಾಪಸ್ ಪಡೆಯುವಂತಿಲ್ಲ.

ಅವ್ವ ತೀರಿಕೊಂಡ ವರ್ಷದ ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿ. ತಿಂಗಳ ನಂತರ, ಕೆನಡಾಕ್ಕೆ ಮರಳಿದ ಮೇಲೆ, ಒಂದೇ ಸಾಲು: 'ಅವ್ವನಿಗೆ ಮಣ್ಣು ಕೊಟ್ಟು ಬಂದೆ.' ತಾರೀಖಿಗಾಗಿ ಪಾಸ್‌ಪೋರ್ಟ್ ತೆರೆದೆ. ಬೆಂಗಳೂರಿನಲ್ಲಿ ಇಳಿದಾಗ ಒತ್ತಿದ ಮುದ್ರೆ, ಅವ್ವ ಹೋದ ದಿನಕ್ಕಿಂತ ಎರಡು ದಿನ ಈಚಿನದು.

ಮತ್ತೆ ನೋಡಿದೆ. ಮುದ್ರೆ ಸ್ಪಷ್ಟವಾಗಿತ್ತು.

"ಅಕ್ಕಾ, ಅವ್ವನ ಮಣ್ಣು ಯಾವತ್ತಾತು?"

"ಹೋದ ದಿನಾನೇ, ಸಂಜಿಗೆ. ಯಾಕೆ?"

"ಮತ್ತೆ ನಾನು?"

ಅಕ್ಕ ಮೊರವನ್ನು ಕೆಳಗಿಟ್ಟಳು. "ನೀ ಬಂದಿದ್ದು ಮೂರನೇ ದಿನ, ಹಾಲು‑ತುಪ್ಪಕ್ಕೆ. ಮಣ್ಣು ಮಾಡೋವಾಗ ನೀ ಅಲ್ಲಿ ಏರ್‌ಪೋರ್ಟ್‌ನಾಗೆ ಕೂತು ಫೋನ್‌ನಲ್ಲಿ ನೋಡ್ತಿದ್ದೆ. ನಿನ್ನ ಹಿಂದೆ ಯಾವಳೋ ಇಂಗ್ಲಿಷ್‌ನಾಗೆ ಒದರ್ತಾ ಇದ್ಲು. ಮರ್ತೇಬಿಟ್ಯಾ?"

ಮರೆತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ್ದೆ. ಉಗುರಿನ ಸಂದಿಯಲ್ಲಿ ಸಿಕ್ಕಿದ ಒದ್ದೆ ಮಣ್ಣು, ವಿಭೂತಿಯ ವಾಸನೆ, ಎಲ್ಲ ನನಗೆ ಈಗಲೂ ನೆನಪಿದೆ. ಅಕ್ಕ ಹೇಳುವಂತೆ, ಮೂರನೇ ದಿನ ಎಲ್ಲರೂ ಎದ್ದುಹೋದ ಮೇಲೂ ನಾನು ಸಮಾಧಿಯ ಬಳಿಯೇ ಕೂತು ಆ ಮಣ್ಣನ್ನು ಕೆದಕುತ್ತಿದ್ದೆನಂತೆ. ಆ ಮಣ್ಣನ್ನು ನೆನಪಿನಲ್ಲಿ ಎರಡು ದಿನ ಹಿಂದಕ್ಕೆ ಒಯ್ದಿಟ್ಟವಳು ನಾನೇ. ಯಾವಾಗ ಒಯ್ದೆ? ವಿಮಾನದಲ್ಲೋ, ಆ ಒಂದು ಸಾಲು ಬರೆಯುವಾಗಲೋ? ಗೊತ್ತಿಲ್ಲ. ಅರ್ಜಿಯ ನಿಯಮದಂತೆ, ಹೊರಟ ದಿನ ಆ ದೇಶದ ಹಾಜರಿಗೇ ಸೇರುತ್ತದೆ. ಅವ್ವನನ್ನು ಮಣ್ಣಿಗಿಟ್ಟ ದಿನ ನಾನು ಕೆನಡಾದಲ್ಲಿದ್ದೆ ಎಂದು ನಾನೇ ಸಹಿ ಹಾಕಬೇಕು.

"ಹಂಗಾರೆ ನಾನು ಮಣ್ಣೇ ಹಾಕಿಲ್ಲ."

"ನಿನ್ನ ಪಾಲಿಂದೂ ನಾನೇ ಹಾಕ್ದೆ ತಂಗಿ. ಮೊದ್ಲು ನಂದು, ಆಮೇಲೆ ನಿನ್ನ ಹೆಸ್ರು ಹೇಳಿ ಇನ್ನೊಂದು ಹಿಡಿ."

"ಹೆಸ್ರು ಹೇಳಿದ್ಯಾ?"

"ಹೇಳ್ದೆ ಮತ್ತೆ? ಜೋರಾಗೇ ಹೇಳ್ದೆ. ಅವ್ವಂಗೆ ಕಿವಿ ಮಂದ ಇತ್ತಲ್ಲೇ."

ಅವಳು ನಕ್ಕಳು. ನಕ್ಕವಳು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು.

ಮುದ್ರೆ ಹೇಳಿದಂತೆಯೇ ತಾರೀಖು ತುಂಬಿದೆ. ಅರ್ಜಿ ಕಳಿಸುವುದು ವಾಪಸ್ ಹೋದ ಮೇಲೆ. ಕಳಿಸುತ್ತೇನೆ, ಆದರೆ ಮೊದಲಿನ ಧೈರ್ಯದಿಂದಲ್ಲ. ದಿನಚರಿಯ ಆ ಸಾಲನ್ನು ಹೊಡೆದುಹಾಕಲು ಕೈ ಬರಲಿಲ್ಲ. ಅದರ ಕೆಳಗೆ ಅಕ್ಕನ ಮಾತುಗಳನ್ನು ಅವಳು ಆಡಿದ ಹಾಗೆಯೇ ಬರೆದುಕೊಂಡೆ. ನನ್ನ ಮಾತಿನಲ್ಲಿ ಬರೆದರೆ ಮತ್ತೆ ಏನು ಸೇರಿಸುತ್ತೇನೋ ಎಂಬ ಭಯ.

ಮರುದಿನ ಬೆಳಿಗ್ಗೆ ಇಬ್ಬರೂ ಶಿರಾಳಕೊಪ್ಪದ ಬಸ್ಸು ಹತ್ತಿದೆವು. ಹೊಲದಲ್ಲಿ ಮೆಕ್ಕೆಜೋಳ ತಲೆ ಮೀರಿ ಬೆಳೆದಿತ್ತು. ಅದರ ನಡುವಿನ ದಾರಿ ಅಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವಳ ಹಿಂದೆಯೇ ನಡೆದೆ. ಅವಳು ನಿಂತಲ್ಲಿ ನಿಂತು, ಚಪ್ಪಲಿ ಬಿಟ್ಟು, ನನ್ನ ಹೆಸರನ್ನು ನಾನೇ ಜೋರಾಗಿ ಹೇಳಿದೆ.