ಕಲ್ಲುಬೆಂಚಿನ ನಿದ್ದೆ

ಸ್ಪೇನಿನ ಬೆಟ್ಟದ ಹಳ್ಳಿಗಳಲ್ಲಿ ಒಬ್ಬನೇ ಸೈಕಲ್ ತುಳಿಯುತ್ತಿದ್ದೆ. ಸುಡುವ ಮಧ್ಯಾಹ್ನ ಒಂದು ಊರು ಸಿಕ್ಕಾಗ ಬಾಟಲಿಯಲ್ಲಿ ಹನಿ ನೀರಿರಲಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು. ಬೇರೆ ದಾರಿ ಕಾಣದೆ ಸೈಕಲ್ ಬೆಲ್ಲು ಹೊಡೆದೆ. ಕಿಟಕಿಯಲ್ಲಿ ಒಬ್ಬ ಅಜ್ಜಿ ಕಾಣಿಸಿಕೊಂಡು, ತುಟಿಗೆ ಬೆರಳಿಟ್ಟು "ಶ್!" ಎಂದರು. ಆಮೇಲೆ ತಾವೇ ನೀರಿನ ಹೂಜಿ ಹಿಡಿದು ಇಳಿದು ಬಂದರು.

ಗಟಗಟ ಕುಡಿದೆ. ಕಲಿತಿದ್ದ ಸ್ಪ್ಯಾನಿಷ್ ಮರೆತೇಹೋಗಿ, "ಜೀವ ಉಳಿಸಿದ್ರಿ, ಅಜ್ಜಿ" ಎಂದು ಕನ್ನಡದಲ್ಲೇ ಪಿಸುಗುಟ್ಟಿದೆ. ಅವರು ಮರದ ನೆರಳಿನ ಕಲ್ಲುಬೆಂಚು ತೋರಿಸಿ, ಕೆನ್ನೆಗೆ ಕೈಯಿಟ್ಟು, ಮಲಗು ಎಂದು ಸನ್ನೆ ಮಾಡಿದರು. ದೂರದ ಕುರಿಗಳ ಗಂಟೆ ಕೇಳುತ್ತ ಕಣ್ಣು ಮುಚ್ಚಿತು.

ಎಚ್ಚರವಾದಾಗ ಸುತ್ತಲೂ ಜನ. ನನ್ನ ನಿದ್ದೆ ಕೆಡಬಾರದೆಂದು ಇಸ್ಪೀಟಾಡುವವರೂ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದರು! ನಾನು ಎದ್ದು ಕೂತದ್ದೇ ತಡ, ಊರಿಗೆ ಊರೇ ಗಲಗಲ ಮಾತಾಡತೊಡಗಿತು.

ನಾನು ಕೆಲಸ ಮಾಡುವ ಪಾಲೋ ಆಲ್ಟೋ ಆಫೀಸಿನ ಮೀಟಿಂಗುಗಳಲ್ಲೂ ಎಷ್ಟೋ ಸಲ ಕಣ್ಣು ಮುಚ್ಚಿದ್ದೇನೆ. ಯಾರೂ ದನಿ ತಗ್ಗಿಸಿದ್ದಿಲ್ಲ.